ಜಾಕೆಟ್ಟಿನ ಮೇಲೆ ನಿಲ್ಲದ ಹೂವು

ಆಗಸ್ಟ್ 3, ಭಾನುವಾರ

ಸ್ವಸ್ತಿ ಶ್ರೀ ಸಮಸ್ತಭುವನಾಶ್ರಯ, ಗೊಬ್ಬರದಂಗಡಿ ಕುಲತಿಲಕ, ಪುಟಕ್ಕೊಂದು ಕೀಟನಾಶಕದ ಜಾಹೀರಾತನ್ನು ಎದೆಯಲ್ಲಿ ಧರಿಸಿರುವ, ಅಪ್ಪನಿಗೆ ಪುಕ್ಕಟೆ ದೊರೆತು ಈವರೆಗೆ ಒಂದಕ್ಷರವನ್ನೂ ಕಾಣದ ಡೈರಿ ಮಹಾಪ್ರಭುಗಳ ಪಾದಾರವಿಂದಗಳಿಗೆ, ಗುಬ್ಬಿ ಪಟ್ಟಣ ನಿವಾಸಿನಿ, ರಾಮಾಂಜಿನಯ್ಯನವರ ಏಕಮಾತ್ರ ಪುತ್ರಿ, ಸೋರಿಕೆಶೋಧನ ಸಾರ್ವಭೌಮೆ ಇಂಪನಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಕಡೆಯ ಬಿರುದು ಪೊಳ್ಳಲ್ಲ. ವಸಂತನರಸಾಪುರದಲ್ಲಿ ತೆಂಗಿನ ಹಾಲಿನ ಪುಡಿಯನ್ನು ಪೊಟ್ಟಣ ಕಟ್ಟುವ ಕಾರ್ಖಾನೆಯಿದೆ. ಅಲ್ಲಿ ಪೊಟ್ಟಣಗಳನ್ನು ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿದು ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ನನ್ನ ಉದ್ಯೋಗ. ಗುಳ್ಳೆ ಎದ್ದರೆ ಪೊಟ್ಟಣ ಸೋರುತ್ತದೆ ಎಂದರ್ಥ. ಸೋರುವುದನ್ನು ಹುಡುಕುವುದೇ ನನ್ನ ಅನ್ನ.

ಈಗ ಪ್ರಕೃತ ವಿಷಯ. ತುಮಕೂರಿನ ನಮ್ಮ ಚಾರಣ ಬಳಗದವರು ಹಿಮಾಲಯದ ಪರ್ವತಾರೋಹಣ ತರಬೇತಿಗೆ ಅರ್ಜಿ ಕರೆದಾಗ, ಕಾರ್ಖಾನೆಯ ಗೆಳತಿ ಹರ್ಷಿತಾಳ ಹೊಟ್ಟೆ ಉರಿಸಲು ನಾನೂ ಒಂದು ಗೀಚಿ ಹಾಕಿದ್ದೆ. ‘ತಮ್ಮ ವಿಶೇಷ ಅರ್ಹತೆ’ ಎಂಬಲ್ಲಿ ‘ಜನ್ಮತಃ ಎತ್ತರದ ಸ್ಥಾನಕ್ಕೆ ಯೋಗ್ಯಳು’ ಎಂದು ಬರೆದಿದ್ದೆ. ಹರ್ಷಿತಾ ಆಯ್ಕೆಯಾಗಲಿಲ್ಲ. ನಾನು ಆದೆ. ಸೆಪ್ಟೆಂಬರ್ ಮೂರನೇ ವಾರ ಹೊರಡಬೇಕಂತೆ. ನಾನು ಅನೇಕರಿಗೆ ಕೀಟಲೆ ಮಾಡಿದ್ದೇನೆ, ಆದರೆ ನನಗೇ ಇಷ್ಟು ದೊಡ್ಡದನ್ನು ಮಾಡಿಕೊಂಡಿದ್ದು ಇದೇ ಮೊದಲು.

ಬಳಗದ ಹಿರಿಯ, ಕುಣಿಗಲ್ಲಿನ ಭಾನಣ್ಣ (ಪೂರ್ತಿ ಹೆಸರು ಭಾನುಪ್ರಕಾಶ್, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು) ಫೋನಿನಲ್ಲಿ ಒಂದೇ ಷರತ್ತು ಹಾಕಿದರು. “ಮಿಕ್ಕಿದ್ದೆಲ್ಲ ಅಲ್ಲೇ ಕೊಡ್ತಾರೆ ಕಣಮ್ಮ. ಮಳೆ-ಗಾಳಿ ತಡಿಯೋ ಜಾಕೆಟ್ ಮಾತ್ರ ನಿಂದೇ ಇರ್ಬೇಕು. ಒಳ್ಳೆ ಜಾಕೆಟ್ ಇಲ್ದೆ ಇದ್ರೆ ನಾನಂತೂ ಕಳ್ಸಲ್ಲ.”

ಅಮ್ಮ ಸುದ್ದಿ ಕೇಳಿದ್ದೇ ಸೌಟು ಕೆಳಗಿಟ್ಟಳು. “ಏನೇ, ಹಿಮದಾಗೆ ಹಗ್ಗ ಕಟ್ಕಂಡು ನೇತಾಡಕ್ಕೆ ಹೋಗ್ತೀಯಾ? ಬಟ್ಟೆ ಒಣಗಾಕಕ್ಕೆ ಮಹಡಿ ಹತ್ತು ಅಂದ್ರೆ ಮಂಡಿ ನೋವು ಅಂತೀಯ! ಬೇಡ ಅಂದ್ರೆ ಬೇಡ.”

ಎಂಥ ಅನ್ಯಾಯ! ಎಂಥ ದಬ್ಬಾಳಿಕೆ! ಒಂದು ಮಹಾ ಪ್ರತಿಭೆಯ ರೆಕ್ಕೆ ಕತ್ತರಿಸಲಾಗಿದೆ ಎಂದು ಇಲ್ಲಿ ದಾಖಲಿಸುತ್ತೇನೆ. ಎರಡು ಮುದ್ದೆ ಉಂಡೆ. ಸೊಪ್ಪಿನ ಸಾರು ಅಮೃತದಂತಿತ್ತು.

ಆಗಸ್ಟ್ 6, ಬುಧವಾರ

ಅಮ್ಮ ಒಪ್ಪಿಬಿಟ್ಟಳು.

ಅಪ್ಪ ತೋಟದಿಂದ ಬಂದು ಕಾಲು ತೊಳೆದುಕೊಳ್ಳುತ್ತಾ, “ಹೋಗ್ಲಿ ಬುಡು ಮಂಜುಳಾ, ನಾವಂತೂ ಬೆಟ್ಟ ಅಂದ್ರೆ ಮದ್ಲಿಂಗನ ಕಣಿವೆ ಬುಟ್ಟು ಬೇರೆ ಕಾಣ್ಲಿಲ್ಲ” ಅಂದರು. ಅಜ್ಜಿ ಪುಟ್ಟಗಂಗಮ್ಮ ಹೂ ಕಟ್ಟುತ್ತಿದ್ದವರು ತಲೆ ಎತ್ತದೆಯೇ, “ಕೂಸು ಆಸೆಪಟ್ಟೈತೆ” ಅಂದರು. ಅಷ್ಟಕ್ಕೆ ಅಮ್ಮ ಕರಗುವುದೇ? ನಮ್ಮಮ್ಮನ ಹಟದ ಮೇಲೆ ನನಗಿದ್ದ ಗೌರವ ಮಣ್ಣುಪಾಲಾಯಿತು. ಆಗಲೇ ಚಟ್ನಿಪುಡಿಗೆ ಕಡಲೆಬೇಳೆ ಆರಿಸುತ್ತಿದ್ದಾಳೆ.

ಮುದ್ದೆ ಗಂಟಲಲ್ಲಿ ನಿಂತಿತು. ಸಾರಿಗೆ ಉಪ್ಪು ಹೆಚ್ಚಾಗಿರಬೇಕು.

ಇಷ್ಟಾದರೂ ಕಾರ್ಖಾನೆಯಲ್ಲಿ ರಜೆ ಸಿಗುವುದು ಕಷ್ಟ. ನಮ್ಮ ಸೂಪರ್‌ವೈಸರ್ ಉದಯಕುಮಾರ್ ಸಾರ್ ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡ ಮನುಷ್ಯ.

ಆಗಸ್ಟ್ 7, ಗುರುವಾರ

ರಜೆ ಕೊಟ್ಟರು. ನಗುತ್ತಾ ಕೊಟ್ಟರು. “ನಮ್ ಫ್ಯಾಕ್ಟ್ರಿ ಹೆಸ್ರು ಬೆಟ್ಟದ ಮೇಲೆ ಹಾರ್ಸಮ್ಮ” ಅಂದರು. ಮನುಷ್ಯರನ್ನು ಮೂಗು ನೋಡಿ ನಂಬಬಾರದು.

ಆಗಸ್ಟ್ 10, ಭಾನುವಾರ

ಜಾಕೆಟ್ ಶೋಧನೆಗೆ ಚತುರಂಗ ಸೈನ್ಯ ಸಮೇತ ತುಮಕೂರಿಗೆ ದಂಡೆತ್ತಿ ಹೋದೆ. ಸೈನ್ಯ ಎಂದರೆ ಹರ್ಷಿತಾ.

ಭಾನಣ್ಣ ಲಕ್ಷಣಗಳನ್ನು ವಾಟ್ಸಾಪಿನಲ್ಲಿ ಹೇಳಿದ್ದರು. ಹೊರಗಿನ ನೀರು ಒಳಗೆ ಬರಬಾರದು, ಒಳಗಿನ ಬೆವರಿನ ಹಬೆ ಹೊರಗೆ ಹೋಗಬೇಕು. ಹೊಲಿಗೆಗಳ ಮೇಲೆಲ್ಲ ಒಳಗಿನಿಂದ ಟೇಪು ಅಂಟಿಸಿರಬೇಕು. ತಲೆಯ ಟೋಪಿ ಹೆಲ್ಮೆಟ್ಟಿನ ಮೇಲೂ ಕೂರಬೇಕು. ಕಂಕುಳಲ್ಲಿ ಗಾಳಿಗೆ ಜಿಪ್ಪಿರಬೇಕು. ಗಂಡು ನೋಡುವಾಗಲೂ ಇಷ್ಟು ಕೇಳುವುದಿಲ್ಲ ಎಂದು ಹರ್ಷಿತಾ ಅಂದಳು.

ಮೊದಲ ಅಂಗಡಿಯವನು ಸ್ಕೂಟರಿನ ರೈನ್‌ಕೋಟು ತೋರಿಸಿದ. ತೊಟ್ಟು ನಿಂತ ಸ್ವಲ್ಪ ಹೊತ್ತಿಗೇ ಇಡ್ಲಿ ಪಾತ್ರೆಯೊಳಗೆ ಕೂತಂತಾಯಿತು. ಎರಡನೆಯವನು ಒಂದು ನೀಲಿ ಜಾಕೆಟ್ ಹೊರತೆಗೆದು, “ಮೇಡಂ, ಇದನ್ನ ಹಾಕ್ಕೊಂಡು ನೀವು ಅಮಾನಿಕೆರೆಗೆ ಬಿದ್ರೂ ಒಣಗಿದ್ ಬಟ್ಟೇಲೇ ಎದ್ ಬರ್ತೀರ” ಎಂದು ಆಣೆ ಮಾಡಿದ. ಸೇರದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆಂದು ಬರೆದೂ ಕೊಟ್ಟ. ಕೊಂಡುಕೊಂಡೆ.

ಬಸ್ಸಿನಲ್ಲಿ ಹರ್ಷಿತಾ ಕೇಳಿದಳು: “ಆವತ್ತು ದೇವರಾಯನದುರ್ಗದಲ್ಲಿ ಆದಂಗೆ ಅಲ್ಲಿ ಆದ್ರೆ ಏನೇ ಮಾಡ್ತೀಯ?”

ಇದಕ್ಕೂ ವಿವರಣೆ ಬರೆದಿಡುವುದು ಒಳ್ಳೆಯದು, ಮುಂದೆ ಇತಿಹಾಸಕಾರರಿಗೆ ಗೊಂದಲವಾಗಬಾರದು. ಕಳೆದ ತಿಂಗಳು ದೇವರಾಯನದುರ್ಗದ ಬಂಡೆ ಹತ್ತುವಾಗ ಮಳೆ ಬಂತು. ನಾನು ಅರ್ಧದಲ್ಲಿ ಕದಲದೆ ಬಹಳ ಹೊತ್ತು ನಿಂತೆ. ಭಾನಣ್ಣ ಬಂದು ಕೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಇಳಿಸಿದರು. ಅದು ಹರ್ಷಿತಾಳನ್ನು ಹೆದರಿಸಲು ನಾನು ಹಾಕಿದ ಶಿಲಾಬಾಲಿಕೆಯ ವೇಷ. ಬಲು ಚೆನ್ನಾಗಿ ಬಂತು. ಕಾಲು ನಡುಗುವುದನ್ನು ಕೂಡ ಸಹಜವಾಗಿಯೇ ಅಭಿನಯಿಸಿದ್ದೆ.

ಆಗಸ್ಟ್ 11, ಸೋಮವಾರ

ಸೋರಿತು! ಸೋರಿತು! ಸೋರಿತು!

ಊಟದ ವಿರಾಮದಲ್ಲಿ ನೀಲಿ ಜಾಕೆಟ್ಟಿನ ತೋಳಿನ ತುದಿಗೆ ರಬ್ಬರ್ ಬ್ಯಾಂಡ್ ಬಿಗಿದು, ಗಾಳಿ ಊದಿ, ನಮ್ಮ ತೊಟ್ಟಿಯಲ್ಲಿ ಮುಳುಗಿಸಿದೆ. ಹೊಲಿಗೆಯುದ್ದಕ್ಕೂ ಗುಳ್ಳೆಗಳು ಸಾಲುಗಟ್ಟಿ ಬಂದವು, ಮದುವೆ ಮನೆಗೆ ನೆಂಟರು ಬಂದ ಹಾಗೆ. ಟೇಪು ಬರೀ ಹೆಗಲಿಗೆ ಮಾತ್ರ ಇತ್ತು. ಖುಷಿಗೆ ಹರ್ಷಿತಾಳನ್ನು ಕ್ಯಾಂಟೀನಿಗೆ ಕರೆದೊಯ್ದು ಬೋಂಡಾ ಕೊಡಿಸಿದೆ.

“ಜಾಕೆಟ್ ಸೋರಿದ್ರೆ ನಿಂಗ್ಯಾಕೆ ಇಷ್ಟು ಸಂತೋಷ?” ಅಂದಳು.

ವೃತ್ತಿಪರ ಸಂತೋಷ, ಬೇರೇನೂ ಅಲ್ಲ.

ಆಗಸ್ಟ್ 17, ಭಾನುವಾರ

ಭಾನಣ್ಣ ತಮ್ಮ ಹಳೆಯ ಜಾಕೆಟ್ ಕೊಡುತ್ತೇನೆಂದು ಕುಣಿಗಲ್ಲಿಗೆ ಕರೆದರು. ಅವರ ಹೆಂಡತಿ ಮಾಲಿನಿ ಅಕ್ಕ ಒಳಗಿನಿಂದ ಅದನ್ನು ತಂದರು. ಕೆಂಪು ಬಣ್ಣ, ಮೊಣಕೈ ಹತ್ತಿರ ಮಾಸಿದೆ. “ನನ್ ಸವತಿ ಇದು. ತಗಂಡು ಹೋಗಮ್ಮ, ಬೀರೂಲಿ ಜಾಗ ಆಗ್ಲಿ” ಅಂದರು. ಹಿಮ ಕಂಡು ಬಂದ ಜಾಕೆಟ್ಟಂತೆ. ಮುಟ್ಟಿದರೆ ನನಗೇ ಚಳಿಯಾಯಿತು.

ಕಾಫಿ ಕುಡಿಯುತ್ತಾ ಭಾನಣ್ಣ ಸುಮ್ಮನೆ ಕೇಳಿದರು. “ಇಂಪನಾ, ಆವತ್ತು ಬಂಡೆ ಮೇಲೆ ಏನಾಗಿತ್ತಮ್ಮ?”

“ಆಕ್ಟಿಂಗ್ ಅಣ್ಣ. ಶಿಲಾಬಾಲಿಕೆ.”

“ಹೌದಾ?” ಎಂದು ಲೋಟದೊಳಗೆ ನೋಡಿದರು. “ನಾನೂ ಒಂದ್ಸಲ ಅಲ್ಲಿ, ಹಿಮದ ಮೇಲೆ, ಅದೇ ಆಕ್ಟಿಂಗ್ ಮಾಡಿದ್ದೆ. ಪ್ಯಾಂಟ್ ಒದ್ದೆ ಆಗೋಗಿತ್ತು. ಜಾಕೆಟ್ ಒಳ್ಳೇದೇ, ಪ್ಯಾಂಟಿನ ನೀರು ಒಳಗಡೆಯಿಂದ ಬಂದಿದ್ದು.”

ಮಾಲಿನಿ ಅಕ್ಕ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ, ಅವರು ಇದನ್ನು ನನಗೇಕೆ ಹೇಳಿದರು ಎಂದು ಯೋಚಿಸಿದೆ. ಹಿರಿಯರು ಒಮ್ಮೊಮ್ಮೆ ಸಂದರ್ಭವಿಲ್ಲದೆ ಮಾತಾಡುತ್ತಾರೆ.

ಆಗಸ್ಟ್ 24, ಭಾನುವಾರ

ಇಂದು ನಮ್ಮ ಹಿತ್ತಿಲಿನಲ್ಲಿ ಶ್ರೀ ಜಾಕೆಟೇಶ್ವರಸ್ವಾಮಿಯವರಿಗೆ ಮಹಾಭಿಷೇಕ ನೆರವೇರಿತು.

ಭಾನಣ್ಣನ ಜಾಕೆಟ್ಟನ್ನು ತೆಂಗಿನ ಸಸಿಯೊಂದಕ್ಕೆ ತೊಡಿಸಿ, ಒಳಗೆ ಹಳೆಯ ಪತ್ರಿಕೆ ತುರುಕಿ, ಬಿಂದಿಗೆಯಿಂದ ನೀರು ಸುರಿಯುತ್ತಾ, “ಓಂ ಜಿಪ್ಪಾಯ ನಮಃ, ಓಂ ಟೇಪಾಯ ನಮಃ, ಓಂ ಕಂಕುಳರಂಧ್ರಾಯ ನಮಃ” ಎಂದು ಅರ್ಚಿಸಿದೆ. ಅಮ್ಮ ಅಡುಗೆಮನೆ ಕಿಟಕಿಯಿಂದ “ದೇವ್ರನ್ನ ಆಡ್ಕಬೇಡ, ನಾಲ್ಗೆ ಸೇದೋಗ್ತದೆ” ಎಂದು ಕೂಗಿದಳು. ಅಜ್ಜಿ ಮಾತ್ರ ಬಗ್ಗಿಕೊಂಡು ಬಂದು, ತಮ್ಮ ಮಡಿಲಿನಿಂದ ಒಂದು ಕನಕಾಂಬರ ತೆಗೆದು, ನೀರಿಗದ್ದಿ, ಜಾಕೆಟ್ಟಿನ ಎದೆಗೆ ಅಂಟಿಸಿದರು.

“ಹೂ ಬುಟ್ಟು ಪೂಜೆ ಮಾಡ್ತಾರೇನೇ?”

ಹೂ ಅಲ್ಲೇ ನಿಂತಿತು. ಬೀಳಲೇ ಇಲ್ಲ.

ಅಜ್ಜಿ ತಲೆ ಆಡಿಸಿದರು. “ನೀರು ಹಿಡ್ದಿರೋ ಕಡೆ ಹೂ ನಿಲ್ತದೆ ಕಣ್ ಕೂಸೆ. ದೇವ್ರಮನೇಲಿರೋ ನಮ್ ರಂಗಪ್ಪನ ಕಲ್ಲು ನೋಡ್ಲಿಲ್ವಾ? ಒದ್ದೆ ಇರೋಗಂಟ ಕಚ್ಕಂಡಿರ್ತದೆ. ಕೆಸವಿನ ಎಲೆ ಮೇಲೆ ನಿಲ್ಸು ನೋಡವಾ, ಆಗಲ್ಲ. ಈ ನಿನ್ ಜಾಕೆಟ್ಟು ನೀರು ಕುಡ್ದೈತೆ.”

ಪತ್ರಿಕೆ ಹೊರಗೆಳೆದು ನೋಡಿದೆ. ಹೆಗಲ ಭಾಗದ ಸುದ್ದಿಗಳೆಲ್ಲ ತೊಯ್ದಿದ್ದವು. ಹೊರಮೈಯ ಹೊಳಪು ಸವೆದು ಬಟ್ಟೆ ನೀರು ಕುಡಿಯುತ್ತಿತ್ತು. ಆಹಾ, ಎಷ್ಟು ಸರಳ ಪರೀಕ್ಷೆ! ತೊಟ್ಟಿ ಬೇಡ, ಗುಳ್ಳೆ ಬೇಡ. ಹೂ ನಿಂತರೆ ಜಾಕೆಟ್ ಹೋಯಿತು, ಹೂ ಜಾರಿದರೆ ಜಾಕೆಟ್ ಗೆದ್ದಿತು. ಭಾನಣ್ಣನಿಗೆ ಫೋನು ಮಾಡಿ ಅತ್ಯಂತ ವಿಷಾದದ ದನಿಯಲ್ಲಿ ತಿಳಿಸಿದೆ. ನಂತರ ಹಿತ್ತಿಲಲ್ಲಿ ಒಬ್ಬಳೇ ಸ್ವಲ್ಪ ಕುಣಿದೆ.

ಆಗಸ್ಟ್ 31, ಭಾನುವಾರ

ತುಮಕೂರಿನ ಅಂಗಡಿಗಳನ್ನೆಲ್ಲ ಹೂವಿನಿಂದ ಜಯಿಸಿದೆ. ಒಂದು ಕೈಯಲ್ಲಿ ಕನಕಾಂಬರದ ಪೊಟ್ಟಣ, ಇನ್ನೊಂದರಲ್ಲಿ ನೀರಿನ ಬಾಟಲಿ. ಮುಖದಲ್ಲಿ ಶಾಸ್ತ್ರಿಗಳ ಗಾಂಭೀರ್ಯ. ಒಬ್ಬ ಅಂಗಡಿಯವನು ಮಾಟವೆಂದು ಹೆದರಿ ಗಲ್ಲಾಪೆಟ್ಟಿಗೆ ತಬ್ಬಿಕೊಂಡ. ಇನ್ನೊಬ್ಬ ಭಕ್ತಿಯಿಂದ ಚಪ್ಪಲಿ ಬಿಟ್ಟು, “ನಮ್ ಅಂಗಡಿಗೂ ಒಂದು ಹೂ ಇಟ್ಬಿಡಿ ಮೇಡಂ, ವ್ಯಾಪಾರ ಡಲ್ಲು” ಅಂದ.

ಎಲ್ಲ ಜಾಕೆಟ್ಟಿನ ಮೇಲೂ ಹೂ ನಿಂತಿತು. ಒಂದೇ ಒಂದರ ಮೇಲೆ ಜಾರಲು ಶುರುವಾಗಿತ್ತು. ಅದರ ಬಣ್ಣ ನನಗೆ ಹಿಡಿಸಲಿಲ್ಲ.

ಮನೆಗೆ ಬಂದು ಘೋಷಿಸಿದೆ. ಈ ಭೂಮಂಡಲದಲ್ಲಿ ಯೋಗ್ಯ ಜಾಕೆಟ್ಟೆಂಬುದು ಇಲ್ಲ. ಆದ್ದರಿಂದ ಹಿಮಾಲಯವು ನನ್ನ ಪಾದಸ್ಪರ್ಶದಿಂದ ವಂಚಿತವಾಗಿದೆ. ಏನು ಮಾಡುವುದು, ಅದರ ಹಣೆಬರಹ.

ಅಮ್ಮ “ಅಯ್ಯೋ ಪಾಪ” ಅಂದಳು. ಅಪ್ಪ ಹೂವನ್ನು ಹೇಗೆ ಅಂಟಿಸಬೇಕು, ಎಷ್ಟು ಒದ್ದೆ ಇರಬೇಕು ಎಂದು ಮಾತ್ರ ಕೇಳಿದರು. ಸವಿಸ್ತಾರವಾಗಿ ವಿವರಿಸಿದೆ. ಮೂರ್ಖಶಿಖಾಮಣಿ ನಾನು.

ಸೆಪ್ಟೆಂಬರ್ 9, ಮಂಗಳವಾರ

ಅಪ್ಪ ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಹೊರಟಿದ್ದರು. ಸೊಸೈಟಿ ಮೀಟಿಂಗ್ ಇರಬೇಕು ಎಂದುಕೊಂಡಿದ್ದೆ. ಸಂಜೆ ಬಂದಾಗ ಕಂಕುಳಲ್ಲಿ ಒಂದು ಕವರು.

“ಬೆಂಗ್ಳೂರಿಗೆ ಹೋಗಿದ್ದೆ ಮಗಾ. ಬೆಟ್ಟ ಹತ್ತೋರ ಸಾಮಾನಿನ ಅಂಗ್ಡಿಗಳು ಒಂದಷ್ಟವೆ ಅಲ್ಲಿ.”

ಅಂಗಿ ಜೇಬಿನಲ್ಲಿ ಒದ್ದೆ ಬಟ್ಟೆಯ ಗಂಟು. ಅದರೊಳಗೆ ಕನಕಾಂಬರ. ಅಪ್ಪ, ನನ್ನ ಅಪ್ಪ, ತೋಟದ ಕರೆಂಟಿನವರ ಮುಂದೆಯೂ ದನಿ ಎತ್ತದ ರಾಮಾಂಜಿನಯ್ಯನವರು, ಬೆಂಗಳೂರಿನ ಹವಾನಿಯಂತ್ರಿತ ಅಂಗಡಿಗಳೊಳಗೆ ನಿಂತು ಒಂದೊಂದು ಜಾಕೆಟ್ಟಿಗೂ ಹೂ ಅಂಟಿಸಿ ನೋಡಿದ್ದಾರೆ.

“ಅಂಗ್ಡಿ ಹುಡ್ಗ ‘ಅಂಕಲ್, ಪೂಜೆನಾ?’ ಅಂದ. ‘ಇಲ್ಲಪ್ಪ, ಟೆಸ್ಟಿಂಗು’ ಅಂದೆ. ಎಲ್ರೂ ಮೊಬೈಲಲ್ಲಿ ವಿಡಿಯೋ ತಗಂಡ್ರು. ಕೊನೇಗೆ ಇದ್ರ ಮೇಲೆ ನಿಲ್ಲಿಲ್ಲ ನೋಡು.”

ಕಿತ್ತಳೆ ಬಣ್ಣ. ಹೊಲಿಗೆಗಳಿಗೆಲ್ಲ ಟೇಪು. ಟೋಪಿಗೆ ಹೆಲ್ಮೆಟ್ಟಿನ ಜಾಗ. ಕಂಕುಳಲ್ಲಿ ಜಿಪ್ಪು. ಅಳತೆ ಹೇಗೆ ಗೊತ್ತಾಯಿತೆಂದು ಕೇಳಿದರೆ, ನನ್ನ ಕಾಲೇಜಿನ ಸ್ವೆಟರು ಜೊತೆಗೆ ಒಯ್ದಿದ್ದರಂತೆ.

ತೋಟಕ್ಕೆ ಹೋಗಿ ಪಂಪಿನ ನೀರಿನ ಕೆಳಗೆ ಬಗ್ಗಿ ನಿಂತೆ. ನೀರು ಮಣಿಮಣಿಯಾಗಿ ಉರುಳಿತು. ಒಳಗಿನ ಅಂಗಿ ಗರಿಗರಿ.

ಸೋರಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಇವತ್ತೂ ಸೋರಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ಕೆಲಸದಲ್ಲಿ ಎರಡು ಸೋರುವ ಪೊಟ್ಟಣಗಳನ್ನು ಹಾಗೇ ಬಿಟ್ಟುಬಿಟ್ಟೆ. ಹರ್ಷಿತಾ ಹಿಡಿದಳು. “ಏನ್ಲೇ, ಎಲ್ಲಿದೀಯ ನೀನು?” ಅಂದಳು. ಹಿಮಾಲಯದಲ್ಲಿ ಎಂದೆ. ಅವಳು ನಗಲಿಲ್ಲ. ನಾನೇ ನಕ್ಕು ಮುಗಿಸಿದೆ.

ಸೆಪ್ಟೆಂಬರ್ 14, ಭಾನುವಾರ

ಅಮ್ಮನಿಗೆ ಒಂದು ಬಾಕಿಯಿತ್ತು. “ಎಲ್ಲ ಆಯ್ತು, ರಂಗಪ್ಪನ್ನ ಕೇಳದೆ ಕಳ್ಸಲ್ಲ. ಅವ್ನು ಬೇಡ ಅಂದ್ರೆ ಬೇಡ.”

ನಮ್ಮ ದೇವರಮನೆಯಲ್ಲಿ ಅಂಗೈಯಗಲದ ಕಪ್ಪು ಕಲ್ಲಿದೆ, ಅದೇ ನಮ್ಮ ರಂಗಪ್ಪ. ಮದುವೆ, ಮನೆ, ಬೋರ್‌ವೆಲ್, ಏನೇ ಇದ್ದರೂ ಮಜ್ಜನ ಮಾಡಿಸಿ, ಒದ್ದೆ ಕಲ್ಲಿಗೆ ಹೂ ಅಂಟಿಸಿ ಕೇಳುವುದು. ದೇವರ ಬಲಕ್ಕೆ ಬಿದ್ದರೆ ಹೂಂ. ಎಡಕ್ಕೆ ಬಿದ್ದರೆ ಊಹೂಂ. ಊಹೂಂ ಅಂದ ಮೇಲೆ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಏಕೆ ಎಂದು ಕೇಳುವುದಿಲ್ಲ. ಯಾರ ಮುಖವೂ ಸಣ್ಣದಾಗುವುದಿಲ್ಲ.

ಅಜ್ಜಿ ಹೂವಿಟ್ಟರು. ಅಮ್ಮ ಕೈಮುಗಿದಳು. ಅಪ್ಪ ಬಾಗಿಲ ಬಳಿ ನಿಂತರು, ಬೆಂಗಳೂರಿಗೆ ಉಟ್ಟಿದ್ದ ಅದೇ ಪಂಚೆಯಲ್ಲಿ. ನಾನು ಕಲ್ಲಿನ ನೇರ ಎದುರಿಗೆ ಕೂತೆ, ಮೂಗು ತಾಗುವಷ್ಟು ಹತ್ತಿರ. ಪಕ್ಕದಲ್ಲಿ ಜಾಕೆಟ್ಟು, ಕಾಲರಿಗೆ ಅರಿಶಿನ-ಕುಂಕುಮದ ಬೊಟ್ಟು.

ಹೂ ಕದಲಲಿಲ್ಲ. ಊದುಬತ್ತಿ ಅರ್ಧ ಉರಿಯಿತು. ಅಮ್ಮ ಪಿಸುಗುಟ್ಟಿದಳು, “ಯಾಕೋ ರಂಗಪ್ಪ ಯೋಚ್ನೆ ಮಾಡ್ತಾವ್ನೆ.”

ಆಮೇಲೆ ಹೂ ಅಲುಗಿತು, ಎಡಕ್ಕೆ ಸ್ವಲ್ಪ ವಾಲಿತು, ಅಲ್ಲೇ ಒಂದು ಸುತ್ತು ತಿರುಗಿ ಬಲಕ್ಕೆ ಬಿತ್ತು.

ಅಪ್ಪ ಉಸಿರು ಬಿಟ್ಟರು. ಅಮ್ಮ ಮಂಗಳಾರತಿ ಎತ್ತುತ್ತಾ ನನ್ನ ಕಡೆ ತಿರುಗಿದಳು. “ಏನೇ, ಊದಿದ್ಯಾ? ನಿನ್ ಬುದ್ಧಿ ನಂಗೊತ್ತಿಲ್ವಾ?”

“ರಂಗಪ್ಪನಾಣೆಗೂ ಬಲಕ್ಕೆ ಊದಿಲ್ಲಮ್ಮ!”

ಅಮ್ಮ ನಂಬಿದಳು. ಅಜ್ಜಿ ಮಾತ್ರ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ ಬಿದ್ದ ಹೂವನ್ನು ಎತ್ತಿ ಜಾಕೆಟ್ಟಿನ ಒಳಜೇಬಿಗೆ ಹಾಕಿ ಜಿಪ್ಪೆಳೆದರು.

ಸೆಪ್ಟೆಂಬರ್ 19, ಶುಕ್ರವಾರ

ಬೆಂಗಳೂರಿನಿಂದ ರೈಲು. ಅಮ್ಮ ಚಟ್ನಿಪುಡಿ, ನಿಪ್ಪಟ್ಟು, ಮತ್ತೆ ಚಟ್ನಿಪುಡಿ ಕಟ್ಟಿದ್ದಾಳೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ಭಾಷಣ ಬಿಗಿಯಬೇಕೆಂದು ಸಿದ್ಧಮಾಡಿಕೊಂಡಿದ್ದೆ. ‘ಗುಬ್ಬಿಯ ಮಹಾಜನಗಳೇ’ ಎಂದು ಶುರು. ಅಪ್ಪ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದರು. ಭಾಷಣ ಮರೆತುಹೋಯಿತು.

ಅಕ್ಟೋಬರ್ 4, ಶನಿವಾರ

ಡೈರಿ, ಬಹಳ ದಿನವಾಯಿತು. ಬೆರಳು ಸೆಟೆದಿವೆ, ಅಕ್ಷರ ಕೋಳಿ ಕಾಲಿನಂತಿದ್ದರೆ ಕ್ಷಮಿಸು.

ಇವತ್ತು ಬಂಡೆಯ ಮೇಲೆ ಅರ್ಧದಲ್ಲಿದ್ದಾಗ ಮಳೆ ಬಂತು, ಜೊತೆಗೆ ಹರಳುಪ್ಪಿನಂಥ ಹಿಮ. ನನ್ನ ಕೈಕಾಲು ನಿಂತುಹೋದವು. ದೇವರಾಯನದುರ್ಗದಲ್ಲಿ ನಿಂತಿದ್ದವಲ್ಲ, ಹಾಗೆಯೇ. ಇಲ್ಲಿ ಕಲಿಸುವವರನ್ನು ಉಸ್ತಾದ್ ಅನ್ನುತ್ತಾರೆ. ನಮ್ಮ ಉಸ್ತಾದ್ ಕೆಳಗಿನಿಂದ ಹಗ್ಗ ಬಿಗಿ ಹಿಡಿದು, ಏನಾಯಿತೆಂದು ಹಿಂದಿಯಲ್ಲಿ ಕೂಗಿದರು. ಶಿಲಾಬಾಲಿಕೆ ಎನ್ನುವುದಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೋ ನನಗೆ ತಿಳಿಯದು. ಆದ್ದರಿಂದ “ಡರ್ ಲಗ್ ರಹಾ ಹೈ”, ಭಯವಾಗುತ್ತಿದೆ, ಎಂದು ಕೂಗಿದೆ. ನನಗೆ ಬರುವ ಹಿಂದಿಯಲ್ಲಿ ಹೇಳಲು ಇದ್ದುದು ಅದೊಂದೇ.

ಯಾರೂ ನಗಲಿಲ್ಲ. ಉಸ್ತಾದ್ “ಠೀಕ್ ಹೈ, ಸಬ್ ಕೋ ಲಗ್ತಾ ಹೈ. ಅಬ್ ಬಾಯಾಂ ಪೈರ್” ಅಂದರು, ಎಲ್ಲರಿಗೂ ಆಗುತ್ತದೆ, ಈಗ ಬಾಯಾಂ ಕಾಲು ಎಂದು. ಬಾಯಾಂ ಎಂದರೆ ಎಡವೋ ಬಲವೋ ಹೊಳೆಯಲಿಲ್ಲ. ಎರಡನ್ನೂ ಒಂದೊಂದು ಸಲ ಇಟ್ಟು ನೋಡಿದೆ. ಹಾಗೆ ಇಡುತ್ತಾ ಇಡುತ್ತಾ ಮೇಲೆ ತಲುಪಿದ್ದೆ. ಮೇಲೆ ಕೂತು ಅತ್ತೆ. ಅದು ಅಭಿನಯವೇ ಎಂದು ಇಲ್ಲಿ ಯಾರೂ ಕೇಳುವವರಿಲ್ಲ.

ಜಾಕೆಟ್ಟಿನ ಒಳಗೆ ಒಂದು ಹನಿಯೂ ಬಂದಿರಲಿಲ್ಲ. ಒಳಜೇಬಿನಲ್ಲಿ ರಂಗಪ್ಪನ ಹೂವು ಒಣಗಿ ಕಡ್ಡಿಯಾಗಿತ್ತು. ಅದನ್ನು ಮಳೆಗೆ ಹಿಡಿದು ತೋಳಿಗೆ ಅಂಟಿಸಿದೆ. ನಿಲ್ಲಲಿಲ್ಲ, ಜಾರಿತು. ಸಿಗ್ನಲ್ ಸಿಕ್ಕಾಗ ಅಪ್ಪನಿಗೆ ಹೇಳಬೇಕು.

ಅಮ್ಮನಿಗೆ ಮಾತ್ರ ಹೇಳುವ ಹಾಗಿಲ್ಲ, ನಿನಗೆ ಹೇಳುತ್ತೇನೆ. ಆವತ್ತು ನಾನು ಊದಿದ್ದೆ. ಎಡಕ್ಕೆ.